ಎರಡು ಡಿಸ್ಕಿಗೆ ಒಂದೇ ಹೆಸರು

ನಲವತ್ತು ಪರೀಕ್ಷೆಗಳಿಗೆ ನಲವತ್ತೂ ಪಾಸ್ ಎಂದು ಪರದೆಯ ಮೇಲೆ ಮೂಡಿದ್ದು ಒಂದು ಮಂಗಳವಾರದ ಮಧ್ಯಾಹ್ನ. ಖುಷಿಯಾಗಬೇಕಿತ್ತು, ಆಗಲಿಲ್ಲ. ತಂತ್ರಾಂಶ ಪರೀಕ್ಷಿಸುವ ಕೆಲಸದಲ್ಲಿ ಆಗಲೇ ಆರು ವರ್ಷ ಕಳೆದಿದ್ದ ನನಗೆ, ಮೊದಲ ಸುತ್ತಿನಲ್ಲೇ ಎಲ್ಲವೂ ಸರಿ ಎಂದು ಬಂದ ಫಲಿತಾಂಶ ತೂಕ ನೋಡದೆ ಕಟ್ಟಿಕೊಟ್ಟ ಪೊಟ್ಟಣದ ಹಾಗೆ ಕಾಣುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಮ್ಮ ಆಫೀಸು ಚಾಮರಾಜಪುರಂನಲ್ಲಿ ಒಂದು ಮನೆಯ ಮಹಡಿ. ಕೆಳಗೆ ಮಾಲೀಕರು, ಮೇಲೆ ನಾವು ಆರು ಜನ. ನಾವು ಮಾಡುತ್ತಿದ್ದದ್ದು ವರ್ಚುವಲ್ ಮಷೀನ್ ತಂತ್ರಾಂಶ, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಒಳಗಿನ ಕಂಪ್ಯೂಟರಿಗೆ ತಾನು ಒಳಗಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ತನಗೂ ಡಿಸ್ಕ್ ಇದೆ, ಕೀಲಿಮಣೆ ಇದೆ ಎಂದು ಅದು ನಂಬಿಕೊಂಡಿರುತ್ತದೆ. ಆ ನಂಬಿಕೆ ಕೆಡದಂತೆ ನೋಡಿಕೊಳ್ಳುವುದೇ ನಮ್ಮ ಕಸುಬು.

ಅದನ್ನು ಬಳಸುತ್ತಿದ್ದವರಲ್ಲಿ ಅಗ್ರಹಾರದ ಒಂದು ಮಠದ ಓಲೆಗರಿ ಭಂಡಾರವೂ ಒಂದು. ಹಳ್ಳಿಗಳ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿದ್ದ ತಾಳೆಗರಿ ಕಟ್ಟುಗಳನ್ನು ಎರವಲು ತಂದು, ಒಂದೊಂದೇ ಗರಿಯ ಚಿತ್ರ ತೆಗೆದು, ಕಟ್ಟನ್ನು ಮನೆಯವರಿಗೆ ಹಿಂದಿರುಗಿಸುತ್ತಿದ್ದರು. ಚಿತ್ರ ತೆಗೆಯುವ ಯಂತ್ರದ ಪ್ರೋಗ್ರಾಮು ಬಹಳ ಹಳೆಯದು. ಅದು ಹೊಸ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲವಾದ್ದರಿಂದ ಹೊಸದರೊಳಗೆ ಹಳೆಯದೊಂದನ್ನು ನಾವು ಕೂರಿಸಿಕೊಟ್ಟಿದ್ದೆವು. ಅದಕ್ಕೆ ಎರಡು ಡಿಸ್ಕ್. ಒಂದು ಮೂಲ, ಇನ್ನೊಂದು ಪ್ರತಿ. ವಾರವಾರವೂ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ನಕಲಿನ ಪ್ರೋಗ್ರಾಮು ತಾನೇ ಎದ್ದು, ಪ್ರತಿಯ ಡಿಸ್ಕನ್ನು ಪೂರ್ತಿ ಅಳಿಸಿ, ಮೂಲದಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಬೇಕು.

ತೊಂದರೆ ಇದ್ದದ್ದು ಯಾವುದು ಮೂಲ, ಯಾವುದು ಪ್ರತಿ ಎಂದು ತಿಳಿಯುವುದರಲ್ಲಿ. ಮೊದಲನೆಯದು ಮೂಲ, ಎರಡನೆಯದು ಪ್ರತಿ ಎಂಬ ಲೆಕ್ಕದಲ್ಲಿ ನಡೆಯುತ್ತಿತ್ತು. ಒಮ್ಮೆ ಕಂಪ್ಯೂಟರ್ ನಿಂತು ಮತ್ತೆ ಎದ್ದಾಗ ಆ ಕ್ರಮ ತಿರುಗುಮುರುಗಾಯಿತು. ಪ್ರೋಗ್ರಾಮು ಮೂಲವನ್ನು ಅಳಿಸುವ ಮೊದಲೇ ಭಂಡಾರದ ಪಾಲಕರು ಗಮನಿಸಿ ನಿಲ್ಲಿಸಿದ್ದರು. ಅಂದಿನಿಂದ ತಿಂಗಳುಗಟ್ಟಲೆ ನಕಲು ಮಾಡುವುದನ್ನೇ ಬಿಟ್ಟಿದ್ದರು. ಅಷ್ಟೂ ತಿಂಗಳ ಚಿತ್ರಗಳು ಒಂದೇ ಡಿಸ್ಕಿನಲ್ಲಿ ಕೂತಿದ್ದವು. ಕೆಲವು ಗರಿಗಳು ಚಿತ್ರ ತೆಗೆದ ಮೇಲೆ ಕೈಯಲ್ಲೇ ಪುಡಿಯಾಗಿದ್ದವು ಎಂದು ಅವರು ಬರೆದ ಪತ್ರದಲ್ಲಿತ್ತು.

ಇದಕ್ಕೆ ಪರಿಹಾರ ಸೀರಿಯಲ್ ನಂಬರ್. ನಿಜವಾದ ಡಿಸ್ಕಿಗೆ ಕಾರ್ಖಾನೆಯಲ್ಲೇ ಒಂದು ಗುರುತು ಬರೆದಿರುತ್ತಾರೆ. ನಮ್ಮ ಹುಸಿ ಡಿಸ್ಕಿಗೂ ಹಾಗೆ ಒಂದು ಗುರುತು ಕೊಡುವಂತಾದರೆ, ಕ್ರಮ ಹೇಗೇ ಬದಲಾಗಲಿ, ಹೆಸರು ಹಿಡಿದು ಕರೆಯಬಹುದು. ನಮ್ಮ ತಂಡದ ಪ್ರೋಗ್ರಾಮರ್ ಇದನ್ನು ಬರೆದರು. ನಂಜನಗೂಡಿನ ಆಚೆಯ ಹಳ್ಳಿಯವರು, ಬೇಸಾಯದ ಮನೆಯಿಂದ ಬಂದವರು, ಮಾತು ಕಡಿಮೆ. ಅವರು ಮೊದಲು ಕೊಟ್ಟ ಆವೃತ್ತಿಯನ್ನು ನಾನು ಕೈಯಲ್ಲೇ ನೋಡಿದಾಗ 1234 ಎಂದು ಕೊಟ್ಟ ಗುರುತು ಒಳಗೆ 2143 ಎಂದು ಕಾಣಿಸಿತ್ತು. ಅಕ್ಷರಗಳು ಜೋಡಿಜೋಡಿಯಾಗಿ ಅದಲುಬದಲು. ತಿದ್ದಿಕೊಟ್ಟರು. ತಿದ್ದಿದ್ದನ್ನು ನನ್ನ ಸ್ಕ್ರಿಪ್ಟಿಗೆ ಕೊಟ್ಟೆ. ನಲವತ್ತು ಬೇರೆಬೇರೆ ಗುರುತು ಕೊಟ್ಟು, ಒಳಗೆ ಓದಿ, ಹೋಲಿಸಿ ನೋಡುವ ಸ್ಕ್ರಿಪ್ಟು ಅದು. ನಲವತ್ತೂ ಪಾಸ್.

ಅವರ ಕೆಲಸ ಹಿಂದೆ ಎಂದೂ ಒಂದೇ ಸುತ್ತಿನಲ್ಲಿ ಪಾಸಾಗಿರಲಿಲ್ಲ. ಆದರೂ ವರದಿ ಬರೆದು ಸಹಿ ಹಾಕಿ ತಂಡದ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಸಂಜೆಯೊಳಗೆ ಬೇಕು ಎಂದಿದ್ದರು. ನಮ್ಮ ವರದಿಯ ನಮೂನೆಯಲ್ಲಿ ಪಾಸ್, ಫೇಲ್ ಎಂಬ ಎರಡೇ ಕಾಲಂ ಇದ್ದವು. ಅನುಮಾನ ಬರೆಯಲು ಜಾಗವಿರಲಿಲ್ಲ.

ಮರುದಿನ ಊಟ ಮುಗಿಸಿ ಬಂದಾಗ ನನ್ನ ಪರೀಕ್ಷಾ ಕಂಪ್ಯೂಟರಿನ ಮುಂದೆ ಪ್ರೋಗ್ರಾಮರ್ ಕೂತಿದ್ದರು. ನನ್ನನ್ನು ಕಂಡು ಎದ್ದರು.

"ಏನ್ ನೋಡ್ತಿದ್ರಿ?" ಎಂದೆ.

"ಏನಿಲ್ಲ ಕಣ್ರೀ, ಸುಮ್ಕೆ. ಎಂಗೆ ಓಡ್ತದೆ ಅಂತ ನೋಡ್ತಿದ್ದೆ," ಎಂದು ತಮ್ಮ ಜಾಗಕ್ಕೆ ಹೋದರು.

ಗುರುವಾರ ಬೆಳಿಗ್ಗೆ ಬೇಗ ಬಂದು ಆ ಕಂಪ್ಯೂಟರಿಗೆ ಯಾರು ಯಾವಾಗ ಪ್ರವೇಶಿಸಿದ್ದಾರೆ ಎಂಬ ಪಟ್ಟಿ ತೆಗೆದೆ. ಎರಡು ದಿನದಲ್ಲಿ ಮೂರು ಸಲ ಅವರ ಹೆಸರಿತ್ತು, ಮೂರೂ ಸಲ ನಾನು ಜಾಗದಲ್ಲಿಲ್ಲದಾಗ. ಸಿಟ್ಟು ಬರಲಿಲ್ಲ, ಒಳಗೊಳಗೇ ಒಂದು ಥರದ ಸಮಾಧಾನವಾಯಿತು. ನನ್ನ ಅನುಮಾನಕ್ಕೆ ಒಂದು ಮುಖ ಸಿಕ್ಕಿತ್ತು. ಸ್ಕ್ರಿಪ್ಟನ್ನು ತಿರುಚಿದ್ದಾರೆ, ತಮ್ಮ ಕೆಲಸ ಪಾಸಾಗುವಂತೆ ಮಾಡಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಮೂರೂ ಸಲ ಅವರು ಬಂದದ್ದು ಪಾಸ್ ಎಂದು ಮೂಡಿದ ಮೇಲೆ ಎಂಬುದು ಆಗ ಹೊಳೆಯಲಿಲ್ಲ. ಪಾಸ್‌ವರ್ಡ್ ಬದಲಿಸಿದೆ. ಆ ದಿನ ಅವರು ಕಾಫಿಗೆ ಕರೆದಾಗ ತಲೆನೋವು ಎಂದೆ.

ಶುಕ್ರವಾರ ಒಂದು ಬಲೆ ಹೂಡಿದೆ. ಸೀರಿಯಲ್ ನಂಬರ್ ಎಂಬುದೇ ಗೊತ್ತಿಲ್ಲದ ನಮ್ಮ ತಂತ್ರಾಂಶದ ಹಳೆಯ ಆವೃತ್ತಿಯೊಂದನ್ನು ಹುಡುಕಿ ತೆಗೆದು, ಅದರ ಮೇಲೆ ಅದೇ ನಲವತ್ತು ಪರೀಕ್ಷೆ ಓಡಿಸಿದೆ. ಪ್ರಾಮಾಣಿಕ ಸ್ಕ್ರಿಪ್ಟಾದರೆ ನಲವತ್ತೂ ಫೇಲಾಗಬೇಕು.

ನಲವತ್ತೂ ಪಾಸ್. ಅದೂ ಎರಡು ನಿಮಿಷದೊಳಗೆ.

ದಾಖಲೆಯ ಕಡತ ತೆರೆದು ಓದಿದೆ. 'ಈ ಆಯ್ಕೆ ನನಗೆ ಗೊತ್ತಿಲ್ಲ' ಎಂದು ಹಳೆಯ ತಂತ್ರಾಂಶ ನಲವತ್ತು ಸಲವೂ ಹೇಳಿ ನಿಂತುಬಿಟ್ಟಿತ್ತು. ಒಳಗಿನ ಕಂಪ್ಯೂಟರ್ ಒಮ್ಮೆಯೂ ಎದ್ದಿರಲೇ ಇಲ್ಲ. ಏಳದೇ ಇದ್ದ ಕಂಪ್ಯೂಟರಿನ ಡಿಸ್ಕಿನಿಂದ ಗುರುತನ್ನು ಸರಿಯಾಗಿ ಓದಿದೆ ಎಂದು ನನ್ನ ಸ್ಕ್ರಿಪ್ಟು ನಲವತ್ತು ಸಲ ಬರೆದಿತ್ತು.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಕ್ರಿಪ್ಟು ಎರಡು ಸಂಗತಿಗಳನ್ನು ಒಂದೇ ಕಡತಕ್ಕೆ ಬರೆಯುತ್ತಿತ್ತು. ಕಂಪ್ಯೂಟರನ್ನು ಎಬ್ಬಿಸಲು ಕೊಟ್ಟ ಆಜ್ಞೆ ಮೊದಲು, ಒಳಗಿನಿಂದ ಬಂದ ಉತ್ತರ ಆಮೇಲೆ. ನಂತರ ಇಡೀ ಕಡತದಲ್ಲಿ ಗುರುತು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿತ್ತು. ಆಜ್ಞೆಯಲ್ಲೇ ಗುರುತು ಇರುತ್ತಿತ್ತಲ್ಲ, ಸಿಕ್ಕೇ ಸಿಗುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಬರೆದಿದ್ದನ್ನೇ ಉತ್ತರವೆಂದು ಓದಿ ಅಂಕ ಕೊಟ್ಟ ಹಾಗೆ. ಮೊದಲು ಈ ಎರಡೂ ಬೇರೆಬೇರೆ ಕಡತದಲ್ಲಿದ್ದವು. ಯಾರೋ ಒಂದುಮಾಡಿದ್ದರು.

ನಮ್ಮಲ್ಲಿ ಪ್ರತಿ ಬದಲಾವಣೆಯ ಚರಿತ್ರೆ ಉಳಿಯುತ್ತಿತ್ತು, ಯಾವ ಸಾಲನ್ನು ಯಾರು ಬದಲಿಸಿದರು ಎಂಬುದು. ಪ್ರೋಗ್ರಾಮರ್ ಹೆಸರನ್ನು ಮುದ್ರಿಸಿಟ್ಟುಕೊಳ್ಳಲು ಪ್ರಿಂಟರಿಗೆ ಕಾಗದ ಹಾಕಿ ಬಂದು ಆ ಸಾಲಿನ ಚರಿತ್ರೆ ತೆಗೆದೆ.

ನನ್ನ ಹೆಸರಿತ್ತು.

ಮೂರು ವಾರದ ಹಿಂದಿನ ಬದಲಾವಣೆ. ಕಡತಗಳು ಜಾಸ್ತಿಯಾದವು, ವರದಿಗೆ ಒಂದೇ ಕಡತ ಇದ್ದರೆ ಅಚ್ಚುಕಟ್ಟು ಎಂದು ಮುಖ್ಯಸ್ಥರು ಹೇಳಿದ್ದರು. ನಾನೇ ಮಾಡಿದ್ದೆ. ಮಾಡಿದ್ದು ನೆನಪೂ ಇರಲಿಲ್ಲ. ಪ್ರಿಂಟರಿನಿಂದ ಕಾಗದ ವಾಪಸ್ ತೆಗೆದುಕೊಂಡೆ.

ಶನಿವಾರ ನಮಗೆ ಅರ್ಧ ದಿನ. ಬೆಳಿಗ್ಗೆ ಬಂದು ಸ್ಕ್ರಿಪ್ಟನ್ನು ಸರಿಪಡಿಸಿದೆ. ಹಳೆಯ ಆವೃತ್ತಿಗೆ ಓಡಿಸಿದಾಗ ನಲವತ್ತೂ ಫೇಲ್. ಹೊಸದಕ್ಕೆ ಓಡಿಸಿದಾಗ ನಲವತ್ತೂ ಪಾಸ್, ಈ ಸಲ ನಿಜವಾಗಿ. ಪ್ರೋಗ್ರಾಮರ್ ಬರೆದದ್ದು ಸರಿಯಾಗಿಯೇ ಇತ್ತು. ಮುಖ್ಯಸ್ಥರ ಬಳಿ ಹೋಗಿ ಸ್ಕ್ರಿಪ್ಟಿನ ವಿಷಯ ಹೇಳಿದೆ. ಅವರು ನಂಜನಗೂಡಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಡುವ ಆತುರದಲ್ಲಿದ್ದರು.

"ಈಗ ಸರಿಯಾಗಿ ನೋಡಿದ್ಮೇಲೂ ಪಾಸ್ ತಾನೆ?"

"ಹೌದು."

"ಮತ್ತೆ ಹೇಳೋಕೇನಿದೆ? ಫಲಿತಾಂಶ ಅದೇ. ಭಂಡಾರಕ್ಕೆ ನಿನ್ನೆನೇ ಹೊಸದು ಹಾಕಿ ಬಂದೆ. ಹೆಸರೂ ಅವರು ಪತ್ರದಲ್ಲಿ ಕೊಟ್ಟಿದ್ದನ್ನೇ ಇಟ್ಟಿದೀನಿ. ಇವತ್ತಿಂದ ನಕಲು ಶುರುವಾಗತ್ತೆ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ ಅಂತ ಪಾಲಕರಿಗೆ ಹೇಳಿದೀನಿ."

ನಾನು ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ. ಯಾರಿಗೂ ಗೊತ್ತಾಗದೆ ಮುಗಿಯುತ್ತದಲ್ಲ ಎಂದು ಹಗುರವೂ ಆಗಿತ್ತು. ಅವರು ಹೋದ ಮೇಲೆ ಮೇಜಿನ ಮೇಲೆ ಉಳಿದಿದ್ದ ಪಾಲಕರ ಪತ್ರ ತೆಗೆದು ಓದಿದೆ. ನನ್ನ ನಲವತ್ತು ಗುರುತುಗಳೆಲ್ಲ ಚಿಕ್ಕವು, ಎಂಟು ಹತ್ತು ಅಕ್ಷರದವು. ನಾನೇ ಕಟ್ಟಿದವು. ಪಾಲಕರು ಕೊಟ್ಟಿದ್ದ ಹೆಸರುಗಳು 'ತಾಳೆಗರಿ-ಸಂಗ್ರಹಾಲಯ-ಮೂಲ' ಮತ್ತು 'ತಾಳೆಗರಿ-ಸಂಗ್ರಹಾಲಯ-ಪ್ರತಿ'. ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿ ಬರೆದಿದ್ದರು. ಬೆರಳಿಟ್ಟು ಎಣಿಸಿದೆ. ಮೊದಲ ಇಪ್ಪತ್ತೆರಡು ಅಕ್ಷರ ಎರಡರಲ್ಲೂ ಒಂದೇ.

ಡಿಸ್ಕುಗಳ ಹಳೆಯ ನಿಯಮದಲ್ಲಿ ಸೀರಿಯಲ್ ನಂಬರಿಗೆ ಇಪ್ಪತ್ತೇ ಅಕ್ಷರದ ಜಾಗ.

ಆ ಎರಡು ಹೆಸರನ್ನೇ ಕೊಟ್ಟು ನನ್ನ ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡಿದೆ. ನಮ್ಮ ತಂತ್ರಾಂಶ ಇಪ್ಪತ್ತಕ್ಕೆ ಕತ್ತರಿಸಿ, ಒಂದು ಮಾತನ್ನೂ ಹೇಳದೆ ಮುಂದೆ ಹೋಗಿತ್ತು. ಒಳಗೆ ಎರಡು ಡಿಸ್ಕಿಗೂ ಒಂದೇ ಹೆಸರು. ನಕಲಿನ ಪ್ರೋಗ್ರಾಮೂ ಅದೇ ನಿಯಮದ್ದು, ಇಪ್ಪತ್ತು ಅಕ್ಷರವನ್ನಷ್ಟೇ ಹೋಲಿಸುತ್ತಿತ್ತು. 'ಪ್ರತಿ' ಎಂದು ಅದು ಕರೆದರೆ ಎರಡರಲ್ಲಿ ಯಾವುದು ಮೊದಲು ಓಗೊಟ್ಟಿತೋ ಅದನ್ನು ಅಳಿಸುತ್ತದೆ. ಐದು ಸಲ ಎಬ್ಬಿಸಿದೆ. ಮೂರು ಸಲ ಪ್ರತಿ ಬಂತು, ಎರಡು ಸಲ ಮೂಲ.

ಗಂಟೆ ಹನ್ನೆರಡೂ ಹತ್ತು. ಭಂಡಾರಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಮುಖ್ಯಸ್ಥರ ಮೊಬೈಲು ಸಿಗಲಿಲ್ಲ. ಅವರ ಅಪ್ಪಣೆಯಿಲ್ಲದೆ ಗ್ರಾಹಕರ ಬಳಿ ಹೋಗುವುದು ನಮ್ಮಲ್ಲಿ ಪದ್ಧತಿಯಲ್ಲ. ಹೋದರೆ ಸುಳ್ಳು ವರದಿ ಕೊಟ್ಟವಳು ನಾನು ಎಂದು ಅಲ್ಲಿ ಹೇಳಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಇನ್ನೊಮ್ಮೆ ಫೋನ್ ಮಾಡಿ, ಎತ್ತದಿದ್ದಾಗ, ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ.

ಅಗ್ರಹಾರದ ಆ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಪೂಜೆ ಸಾಮಾನು, ನಾರುಬೇರು ಮಾರುವ ಒಂದು ಗ್ರಂಧಿಗೆ ಅಂಗಡಿಯ ಪಕ್ಕಕ್ಕೆ ಒತ್ತರಿಸಿ, ಓಡುತ್ತಲೇ ಒಳಗೆ ಹೋದೆ. ಪಾಲಕರು ಅರವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಬೆಳಕಿನ ಗಾಜಿನ ಮೇಲೆ ಒಂದು ಗರಿಯನ್ನಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ನಾನು ಯಾರೆಂದು ಹೇಳಿ, ಇವತ್ತಿನ ನಕಲು ನಿಲ್ಲಿಸಬೇಕು ಎಂದೆ.

"ಯಾರು ಬಂದ್ರೂ ಮುಟ್ಟಿಸಬೇಡಿ ಅಂತ ನಿಮ್ಮ ಮುಖ್ಯಸ್ಥರೇ ಹೇಳಿ ಹೋಗಿದಾರಮ್ಮ."

"ನಾನು ಅದೇ ಆಫೀಸಿನವಳು ಸರ್."

"ಇರಬಹುದು. ನಿಮ್ಮನ್ನ ನಾನು ನೋಡಿಲ್ಲವಲ್ಲ." ಅವರು ಒಂದು ಕಡತ ಬಿಚ್ಚಿ ಕಾಗದವೊಂದನ್ನು ನನ್ನ ಮುಂದಿಟ್ಟರು. ನನ್ನದೇ ವರದಿ. "ನಲವತ್ತಕ್ಕೆ ನಲವತ್ತೂ ಸರಿ ಅಂತ ಇದೆ. ಸಹಿ ಇದೆ. ಈಗ ನೀವು ಬಂದು ಸರಿ ಇಲ್ಲ ಅಂತೀರಿ. ನಾನು ಕಾಗದ ನಂಬ್ಲೋ, ನಿಮ್ಮನ್ನ ನಂಬ್ಲೋ?"

"ಆ ಸಹಿ ನಂದೇ ಸರ್."

ಅವರು ಒಂದು ಖಾಲಿ ಹಾಳೆ, ಪೆನ್ನು ಮುಂದೆ ತಳ್ಳಿದರು. "ಇಲ್ಲಿ ಇನ್ನೊಂದ್ಸಲ ಹಾಕಿ."

ಹಾಕಿದೆ. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಇಪ್ಪತ್ತು ನಿಮಿಷವಿತ್ತು. ಎರಡು ಸಹಿಗಳನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಗರಿಯ ಮೇಲಿನ ಅಕ್ಷರ ನೋಡುವಷ್ಟೇ ನಿಧಾನವಾಗಿ ನೋಡಿದರು. ನನಗೆ ಅವರ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕೆನಿಸಿತು.

"ಗೆರೆ ಆತುರದ್ದು. ಆದ್ರೆ ಕೈ ಅದೇ," ಎಂದರು. "ಗೊತ್ತಿಲ್ದೆ ಯಾಕೆ ಸಹಿ ಹಾಕಿದ್ರಿ?"

ಹೇಳಿದೆ. ಪರೀಕ್ಷೆಯನ್ನು ನಾನೇ ತಪ್ಪಾಗಿ ಬರೆದಿದ್ದೆ, ಅದು ಎಲ್ಲಕ್ಕೂ ಸರಿ ಎನ್ನುತ್ತಿತ್ತು, ಅನುಮಾನ ಬಂದಿತ್ತು, ಆದರೂ ಕೊಟ್ಟೆ ಎಂದೆ. ಆಮೇಲೆ ಸರಿಪಡಿಸಿದಾಗಲೂ ಅವರು ಡಿಸ್ಕಿಗೆ ಕೊಟ್ಟ ಹೆಸರುಗಳನ್ನು ಮಾತ್ರ ನೋಡಿರಲಿಲ್ಲ ಎಂದೂ ಹೇಳಿದೆ. ಯಾರ ಹೆಸರನ್ನೂ ಅದರಲ್ಲಿ ತರಲಿಲ್ಲ. ತರಲು ಬೇರೆ ಹೆಸರೂ ಇರಲಿಲ್ಲ.

ಅವರು ಎದ್ದು ಕಂಪ್ಯೂಟರಿನ ಮುಂದೆ ಕೂತರು. "ನೀವು ಮುಟ್ಟಬೇಡಿ. ಎಲ್ಲಿ ಒತ್ತಬೇಕು ಹೇಳಿ, ನಾನೇ ಒತ್ತುತೀನಿ."

ಡಿಸ್ಕುಗಳ ಪಟ್ಟಿ ತೆರೆಸಿದೆ. ಎರಡು ಸಾಲು. ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಮೊದಲ ಸಾಲು ಸಂಗ್ರಹಾಲಯ ಎಂಬ ಮಾತು ಮುಗಿಯುವ ಮೊದಲೇ ನಿಂತಿತು. ಎರಡನೆಯದೂ ಅಲ್ಲೇ ನಿಂತಿತು. ತಮ್ಮ ಪತ್ರವನ್ನು ನನ್ನಿಂದ ಇಸಿದುಕೊಂಡು ಪಕ್ಕಕ್ಕಿಟ್ಟು ಮತ್ತೆ ಓದಿದರು.

"ಗರಿ ತುದಿ ಮುರಿದ ಹಾಗಾಗಿದೆ," ಎಂದರು. "ಎರಡು ಗ್ರಂಥದ್ದೂ ಒಂದೇ ಕಡೆ ಮುರಿದ್ರೆ ಯಾವುದು ಯಾವುದು ಅಂತ ಹೇಳೋದು ಕಷ್ಟ."

ಒಂದಕ್ಕೆ ಐದು ನಿಮಿಷವಿದ್ದಾಗ ನಕಲನ್ನು ರದ್ದು ಮಾಡಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ಅಷ್ಟಕ್ಕೇ ಬಿಡಲಿಲ್ಲ. "ಇವತ್ತು ಬಿಟ್ಟಿದ್ರೆ ಯಾವುದು ಹೋಗ್ತಿತ್ತು?" ಎಂದು ಕೇಳಿದರು. 'ಪ್ರತಿ' ಎಂದು ಕರೆದಾಗ ಈಗ ಯಾವ ಡಿಸ್ಕ್ ಬರುತ್ತದೆ ಎಂದು ಅಳಿಸದೆಯೇ ನೋಡುವ ದಾರಿಯಿತ್ತು. ಹೇಳಿಕೊಟ್ಟೆ. ತೆರೆದುಕೊಂಡ ಡಿಸ್ಕಿನಲ್ಲಿ ನಕಲು ನಿಂತ ಮೇಲಿನ ಚಿತ್ರಗಳೂ ಇದ್ದವು, ಅಂದರೆ ಅದು ಮೂಲ. ಸಾಲುಸಾಲಾಗಿ ಚಿತ್ರಗಳ ಹೆಸರು, ಅವರೇ ಇಟ್ಟ ಹೆಸರುಗಳು, ಊರಿನದು, ಮನೆತನದ್ದು. ಒಂದರ ಮೇಲೆ ಬೆರಳಿಟ್ಟರು. "ಇದರ ಗರಿ ಈಗ ಇಲ್ಲ," ಎಂದರು.

ನಾನು ಹೊರಡುವಾಗ ವರದಿಯನ್ನು ಮುಂದಿಟ್ಟು, "ಇದರ ಮೇಲೆ 'ಇದು ತಪ್ಪು' ಅಂತ ಬರೆದು ಸಹಿ ಹಾಕಿ," ಎಂದರು. ಬರೆದೆ. ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಮಡಿಸಿ ಕಡತದಲ್ಲೇ ಇಟ್ಟರು.

ಸೋಮವಾರ ಮುಖ್ಯಸ್ಥರಿಗೆ ಕೋಪ ಬಂದದ್ದು ತಪ್ಪಿಗಲ್ಲ, ಹೇಳದೆ ಹೋದದ್ದಕ್ಕೆ. ಎಲ್ಲರೆದುರೂ ಗದರಿದರು. ನಾನು ಕೇಳಿಸಿಕೊಂಡೆ. ಆಮೇಲೆ ಪ್ರೋಗ್ರಾಮರ್ ಬಳಿ ಹೋಗಿ, ನಿಮ್ಮ ಮೇಲೆ ಅನುಮಾನಪಟ್ಟಿದ್ದೆ, ಪಾಸ್‌ವರ್ಡ್ ಬದಲಿಸಿದ್ದೂ ಅದಕ್ಕೇ ಎಂದೆ. ಅವರು ಕೀಲಿಮಣೆಯನ್ನು ಬದಿಗೆ ಸರಿಸಿದರು.

"ನಂಗೂ ನಿಮ್ಮೇಲೆ ಅನ್ಮಾನ ಇತ್ತು ಕಣ್ರೀ," ಎಂದರು. "ನಾನ್ ಬರ್ದಿದ್ದು ಒಂದೇ ಏಟಿಗೆ ಪಾಸ್ ಆಯ್ತು ಅಂದ್ರೆ ಎಂಗೆ ನಂಬೋದು? ತಾರೀಖು ಬಂತು ಅಂತ ನೋಡ್ದೇನೇ ಪಾಸ್ ಹಾಕ್ಬುಟ್ರಿ ಅಂದ್ಕಂಡೆ. ಅದನ್ನೇ ನೋಡೋಕೆ ನಿಮ್ ಮಷೀನ್ ಹತ್ರ ಬತ್ತಿದ್ದೆ."

"ಕೇಳಬಹುದಿತ್ತಲ್ಲ."

"ನೀವೂ ಕೇಳ್ಬೋದಿತ್ತು."

ಇಬ್ಬರಿಗೂ ನಗು ಬರಲಿಲ್ಲ. ಅವರ ಪಾಲಿಗೂ ಒಂದು ತಪ್ಪಿತ್ತು. ಇಪ್ಪತ್ತಕ್ಕೆ ಕತ್ತರಿಸುವುದು ಅವರಿಗೆ ಗೊತ್ತಿತ್ತು, ಅಷ್ಟು ಉದ್ದ ಯಾರು ಇಡುತ್ತಾರೆ ಎಂದು ಬಿಟ್ಟಿದ್ದರು. ಉದ್ದದ ಹೆಸರು ಕೊಟ್ಟರೆ ಕತ್ತರಿಸದೆ, 'ಇದು ಆಗದು' ಎಂದು ಹೇಳಿ ನಿಲ್ಲುವಂತೆ ಬದಲಿಸಿದರು. ಒಂದೇ ಹೆಸರನ್ನು ಎರಡು ಡಿಸ್ಕಿಗೆ ಕೊಟ್ಟರೂ ನಿಲ್ಲುವಂತೆ ಮಾಡಿದರು. ನಾನು ನನ್ನ ಸ್ಕ್ರಿಪ್ಟನ್ನು ಅವರ ಕೈಗೆ ಕೊಟ್ಟು, ಇದನ್ನು ನೀವು ಪರೀಕ್ಷಿಸಿ ಎಂದೆ. ಮಧ್ಯಾಹ್ನದೊಳಗೆ ಇನ್ನೂ ಎರಡು ತಪ್ಪು ಹಿಡಿದುಕೊಟ್ಟರು. ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟೆ.

ಮೂರು ವಾರದ ನಂತರ ತಿದ್ದಿದ ಆವೃತ್ತಿಯನ್ನು ಹಾಕಲು ಭಂಡಾರಕ್ಕೆ ನಾನೇ ಹೋದೆ. ಈ ಸಲದ ವರದಿ ಎರಡು ಪುಟ. ನಮೂನೆಯಲ್ಲಿ ಇಲ್ಲದಿದ್ದರೂ ಎರಡನೆಯ ಪುಟವನ್ನು ನಾನು ಸೇರಿಸಿದ್ದೆ. ಏನೇನು ಪರೀಕ್ಷಿಸಿಲ್ಲ ಎಂಬ ಪಟ್ಟಿ ಅದು. ಕನ್ನಡ ಅಕ್ಷರದ ಹೆಸರುಗಳನ್ನು ನೋಡಿಲ್ಲ, ಎರಡಕ್ಕಿಂತ ಹೆಚ್ಚು ಡಿಸ್ಕ್ ಇಟ್ಟು ನೋಡಿಲ್ಲ, ನಕಲಿನ ಮಧ್ಯೆ ಕರೆಂಟ್ ಹೋದರೆ ಏನಾಗುತ್ತದೆಂದು ನೋಡಿಲ್ಲ, ಹೀಗೆ. ಇಂಥ ಪುಟವನ್ನು ಗ್ರಾಹಕರಿಗೆ ಕೊಡುವುದು ಮುಖ್ಯಸ್ಥರಿಗೆ ಇಷ್ಟವಿರಲಿಲ್ಲ. ಕೊನೆಗೆ ನಿಮ್ಮ ಜವಾಬ್ದಾರಿ ಎಂದು ಬಿಟ್ಟುಕೊಟ್ಟಿದ್ದರು.

ಪಾಲಕರು ಮೊದಲ ಪುಟವನ್ನು ತಿರುಗಿಸಿಟ್ಟು, ಎರಡನೆಯದನ್ನೇ ಕನ್ನಡಕ ಹಾಕಿಕೊಂಡು ಓದಿದರು. ಮುಗಿಸಿ, ಮತ್ತೊಮ್ಮೆ ಮೇಲಿನಿಂದ ಓದಿದರು. ನಾನು ನಿಂತೇ ಇದ್ದೆ.

"ಇಷ್ಟು ನೋಡಿಲ್ಲ ಅಂತ ಬರೆದಿದೀರಲ್ಲ," ಎಂದರು. "ಹಾಗಾದ್ರೆ ಮಿಕ್ಕಿದ್ದು ನೋಡಿರ್ತೀರಿ. ಹಾಕಿ." ಎಂದು ಎದ್ದು, ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು.